ಗಡ್ಡೆ ಫಾರ್ಮಲಿನ್‌ಗೆ ಬಿದ್ದ ಗಂಟೆ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಸ್ತನ ಕ್ಯಾನ್ಸರ್ ರೋಗಿಗಳ ಹಾರ್ಮೋನ್ ರಿಸೆಪ್ಟರ್ ಪರೀಕ್ಷೆಯ ಗುಣಮಟ್ಟ ಮತ್ತು ಟಮಾಕ್ಸಿಫೆನ್ ಮಾತ್ರೆಯ ನಿರಂತರ ಪೂರೈಕೆ ಕುರಿತು.

ಮಾನ್ಯರೇ,

ಜಿಲ್ಲಾ ಕೇಂದ್ರವೊಂದರಲ್ಲಿ 31 ವರ್ಷ ಪೆಥಾಲಜಿಸ್ಟ್ ಆಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ರೋಗಿಯ ಮುಖವನ್ನೇ ನೋಡದೆ, ಅವರ ದೇಹದಿಂದ ತೆಗೆದ ಚೂರನ್ನಷ್ಟೇ ನೋಡಿ ವರದಿ ಬರೆಯುವ ವೃತ್ತಿ ನಮ್ಮದು. ಹಾಗಾಗಿ ನಮ್ಮ ತಪ್ಪುಗಳು ನಮ್ಮ ಕಣ್ಣಿಗೆ ಬೀಳುವುದು ಅಪರೂಪ; ಬಿದ್ದರೂ ವರ್ಷಗಳ ನಂತರ, ಇನ್ನಾರದೋ ಫೈಲಿನ ಮೂಲಕ. ಅಂಥ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು, ನಂತರ ನನ್ನ ಮನವಿಗೆ ಬರುತ್ತೇನೆ.

ಸುಮಾರು 20 ವರ್ಷಗಳ ಹಿಂದೆ ತಾಲ್ಲೂಕು ಊರೊಂದರ ನರ್ಸಿಂಗ್ ಹೋಮಿನಿಂದ 46 ವರ್ಷದ ರೈತ ಮಹಿಳೆಯೊಬ್ಬರ ಸ್ತನದ ಗಡ್ಡೆ ನಮ್ಮ ಪ್ರಯೋಗಾಲಯಕ್ಕೆ ಬಂತು. ತಂದವರು ಅವರ ಮೈದುನ. ತಂದದ್ದು ಖಾಲಿ ಗ್ಲೂಕೋಸ್ ಬಾಟಲಿಯಲ್ಲಿ, ಅಂಗಾಂಶ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರಾವಣದಲ್ಲಲ್ಲ, ಬರೀ ಸಲೈನ್ ನೀರಿನಲ್ಲಿ ಮುಳುಗಿಸಿ, ಬಸ್ಸಿನಲ್ಲಿ, ಆಪರೇಷನ್ ಆದ ಮಾರನೆಯ ದಿನ, ಏಪ್ರಿಲ್ ತಿಂಗಳಲ್ಲಿ. ಕ್ಯಾನ್ಸರ್ ಹೌದೆಂದು ಹೇಳುವುದಕ್ಕೆ ಆ ಚೂರು ಸಾಕಾಗಿತ್ತು. ಆ ಚೂರನ್ನು ಮೇಣದಲ್ಲಿ ಕೂರಿಸಿದ ಬ್ಲಾಕಿನ ಮೇಲೆ ಈಸ್ಟ್ರೋಜನ್ ರಿಸೆಪ್ಟರ್ ಪರೀಕ್ಷೆಯನ್ನೂ, ಅಂದರೆ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ಹಿಡಿಯುವ ಪ್ರೋಟೀನು ಗಡ್ಡೆಯಲ್ಲಿದೆಯೇ ಎಂದು ಬಣ್ಣ ಹಾಕಿ ನೋಡುವ ಪರೀಕ್ಷೆಯನ್ನೂ, ಮಾಡಿ 'ನೆಗೆಟಿವ್' ಎಂದು ಬರೆದು ಸಹಿ ಹಾಕಿದವನು ನಾನು. ಮೂರು ವರ್ಷದ ನಂತರ ಕಾಯಿಲೆ ಅವರ ಮೂಳೆಗೆ ಹಬ್ಬಿ, ಬೇರೊಂದು ಊರಿನಲ್ಲಿ ಮತ್ತೆ ಬಯಾಪ್ಸಿ ಮಾಡಿದಾಗ ಅದೇ ರಿಸೆಪ್ಟರ್ ದಟ್ಟವಾಗಿ ಪಾಸಿಟಿವ್ ಬಂತು. ನನ್ನ ಹಳೆಯ ಸ್ಲೈಡನ್ನು ತೆಗೆದು ನೋಡಿದೆ. ಗಡ್ಡೆಯ ಪಕ್ಕದಲ್ಲೇ ಇದ್ದ ಆರೋಗ್ಯವಂತ ಹಾಲಿನ ನಾಳಗಳೂ ಬಣ್ಣ ಹಿಡಿದಿರಲಿಲ್ಲ. ಆ ನಾಳಗಳಲ್ಲಿ ಕೆಲವು ಜೀವಕೋಶಗಳಾದರೂ ಬಣ್ಣ ಹಿಡಿಯಲೇಬೇಕು. ಹಿಡಿದಿಲ್ಲವೆಂದರೆ ಕೆಟ್ಟಿರುವುದು ಚೂರು ಅಥವಾ ಪರೀಕ್ಷೆ ಎಂದರ್ಥ, ರಿಸೆಪ್ಟರ್ ಇಲ್ಲವೆಂದಲ್ಲ. 'ಪರೀಕ್ಷೆಗೆ ಯೋಗ್ಯವಲ್ಲ, ಮತ್ತೊಂದು ಚೂರು ಕಳಿಸಿ' ಎಂದು ನಾನು ಬರೆಯಬೇಕಿತ್ತು. ನಾನು ಬರೆದ ಒಂದು ಪದದಿಂದ ಅವರಿಗೆ ಮೂರು ವರ್ಷ ಸಿಗಬೇಕಿದ್ದ, ದಿನಕ್ಕೆ ಕೆಲವೇ ರೂಪಾಯಿಯ ಟಮಾಕ್ಸಿಫೆನ್ ಮಾತ್ರೆ, ರಿಸೆಪ್ಟರ್ ಪಾಸಿಟಿವ್ ಇದ್ದವರಿಗಷ್ಟೇ ಕೊಡುವಂಥದ್ದು, ಸಿಗದೇ ಹೋಯಿತು.

ಆ ಪದದ ಬಗ್ಗೆಯೂ ಒಂದು ಮಾತು. ಎಚ್‌ಐವಿಯಿಂದ ಹಿಡಿದು ಕೋವಿಡ್‌ವರೆಗೆ ಎಲ್ಲ ವರದಿಗಳಲ್ಲೂ 'ನೆಗೆಟಿವ್' ಎಂದರೆ ಗಂಡಾಂತರ ತಪ್ಪಿತು ಎಂದು ನಮ್ಮ ಜನ ಕಲಿತಿದ್ದಾರೆ. ರಿಸೆಪ್ಟರ್ ನೆಗೆಟಿವ್ ಎಂದು ತಿಳಿದು ಆಸ್ಪತ್ರೆಯ ಪಡಸಾಲೆಯಲ್ಲೇ ದೇವರಿಗೆ ಕೈಮುಗಿದ ಮನೆಯವರನ್ನು ನಾನು ಕಂಡಿದ್ದೇನೆ. ಇಲ್ಲಿ ಅರ್ಥ ತಿರುಗುಮುರುಗು: ಪಾಸಿಟಿವ್ ಬಂದವರಿಗೆ ಚಿಕಿತ್ಸೆಯ ಒಂದು ಬಾಗಿಲು ಹೆಚ್ಚಾಗಿ ತೆರೆಯುತ್ತದೆ, ನೆಗೆಟಿವ್ ಬಂದವರಿಗೆ ಅದು ಮುಚ್ಚುತ್ತದೆ. ಮುಚ್ಚಬಾರದ ಬಾಗಿಲನ್ನು ಸುಳ್ಳು ನೆಗೆಟಿವ್ ಮುಚ್ಚಿಬಿಡುತ್ತದೆ ಎಂಬುದೇ ಈ ಪತ್ರದ ಕಾರಣ.

ಈ ರಿಸೆಪ್ಟರ್ ಸೇರಿರುವ ಕುಟುಂಬವನ್ನು ವಿಜ್ಞಾನದಲ್ಲಿ ನ್ಯೂಕ್ಲಿಯರ್ ರಿಸೆಪ್ಟರ್‌ಗಳು ಎನ್ನುತ್ತಾರೆ. ಕೈಗಾ ಇರುವ ರಾಜ್ಯದಲ್ಲಿ ಈ ಹೆಸರು ಗಾಬರಿ ಹುಟ್ಟಿಸಬಹುದು. ಆದರೆ ಇದಕ್ಕೂ ಅಣುಶಕ್ತಿಗೂ ಸಂಬಂಧವಿಲ್ಲ. ಇಲ್ಲಿ ನ್ಯೂಕ್ಲಿಯಸ್ ಎಂದರೆ ಜೀವಕೋಶದ ಕೇಂದ್ರ, ವಂಶವಾಹಿಗಳಿರುವ ಜಾಗ. ಇನ್ಸುಲಿನ್‌ನಂಥ ಹಾರ್ಮೋನುಗಳು ಜೀವಕೋಶದ ಹೊರಬಾಗಿಲಲ್ಲಿ ನಿಂತು ಕದ ತಟ್ಟಿ ಸುದ್ದಿ ಹೇಳಿ ಕಳಿಸುತ್ತವೆ. ಈಸ್ಟ್ರೋಜನ್, ಆಂಡ್ರೋಜನ್, ಥೈರಾಯ್ಡ್ ಹಾರ್ಮೋನು, ವಿಟಮಿನ್ ಡಿ, ವಿಟಮಿನ್ ಎ ಯಿಂದಾಗುವ ರೆಟಿನೋಯಿಕ್ ಆಮ್ಲ ಇವೆಲ್ಲ ಹಾಗಲ್ಲ; ಹೊಸಿಲು ದಾಟಿ ಒಳಗೇ ಬರುತ್ತವೆ. ಒಳಗೆ ಅವುಗಳಿಗಾಗಿ ಕಾದಿರುವ ಪ್ರೋಟೀನುಗಳೇ ಈ ರಿಸೆಪ್ಟರ್‌ಗಳು. ಮನುಷ್ಯರಲ್ಲಿ ಇಂಥವು 48 ಇವೆ. ಪ್ರತಿಯೊಂದರಲ್ಲೂ ಸತುವಿನ ಪರಮಾಣುಗಳು ಬಿಗಿಹಿಡಿದ ಎರಡು ಬೆರಳಿನಂಥ ಭಾಗವಿದ್ದು ಅದು ಡಿಎನ್‌ಎಯನ್ನು ಹಿಡಿಯುತ್ತದೆ ಎಂಬುದು ಸಾಮಾನ್ಯ ನಿಯಮ, ಒಂದೆರಡು ಅಪವಾದ ಬಿಟ್ಟರೆ. ಇನ್ನೊಂದು ಕಡೆ ಹಾರ್ಮೋನು ಕೂರುವ ಗೂಡಿದೆ. ಈಸ್ಟ್ರೋಜನ್ ಆ ಗೂಡಿನಲ್ಲಿ ಕುಳಿತೊಡನೆ ರಿಸೆಪ್ಟರ್‌ನ ಒಂದು ತುಣುಕು ಮುಚ್ಚಳದಂತೆ ಅದರ ಮೇಲೆ ಮಡಚಿಕೊಳ್ಳುತ್ತದೆ. ಆ ಮಡಿಕೆಯ ಮೇಲೆ ಸಹಾಯಕ ಪ್ರೋಟೀನುಗಳು ಬಂದು ಕೂತು, ಜೀವಕೋಶವನ್ನು ಇಬ್ಭಾಗವಾಗಿಸುವ ವಂಶವಾಹಿಗಳನ್ನು ಚಾಲೂ ಮಾಡುತ್ತವೆ. ಮೈನೆರೆಯುವಾಗ, ಬಸಿರಿನಲ್ಲಿ, ಸ್ತನ ಬೆಳೆಯುವುದು ಹೀಗೆಯೇ. ಸ್ತನ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಇದೇ ಏರ್ಪಾಡನ್ನು ತನ್ನ ಬೆಳವಣಿಗೆಗೆ ಬಳಸಿಕೊಳ್ಳುತ್ತದೆ.

ಟಮಾಕ್ಸಿಫೆನ್ ಮಾಡುವ ಕೆಲಸ ಸರಳ. ಅದು ಅದೇ ಗೂಡಿನಲ್ಲಿ ಹೋಗಿ ಕೂರುತ್ತದೆ, ಆದರೆ ಅದರ ಉದ್ದನೆಯ ಒಂದು ಕವಲು ಹೊರಚಾಚಿಕೊಂಡಿರುವುದರಿಂದ ಮುಚ್ಚಳ ಸರಿಯಾಗಿ ಬೀಳುವುದಿಲ್ಲ. ಸಹಾಯಕ ಪ್ರೋಟೀನುಗಳಿಗೆ ಕೂರಲು ಜಾಗ ಸಿಗುವುದಿಲ್ಲ. ಗರ್ಭಕೋಶದ ಒಳಪದರದಲ್ಲಿ ಸಹಾಯಕ ಪ್ರೋಟೀನುಗಳ ಲೆಕ್ಕಾಚಾರವೇ ಬೇರೆಯಾದ್ದರಿಂದ ಅಲ್ಲಿ ಇದೇ ಔಷಧಿ ಸ್ವಲ್ಪ ಮಟ್ಟಿಗೆ ಈಸ್ಟ್ರೋಜನ್‌ನಂತೆಯೇ ವರ್ತಿಸುತ್ತದೆ. ಮುಟ್ಟು ನಿಂತವರಲ್ಲಿ ಗರ್ಭಕೋಶದ ಕ್ಯಾನ್ಸರ್‌ನ ಸಣ್ಣ ಅಪಾಯವೂ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇರುವುದರಿಂದ ಮಾತ್ರೆ ಕೊಟ್ಟು ಮರೆತುಬಿಡುವಂತಿಲ್ಲ.

ಈ ಔಷಧಿಯ ಹುಟ್ಟೇ ಒಂದು ಸೋತ ಪ್ರಯತ್ನ. 1962ರಲ್ಲಿ ಇಂಗ್ಲೆಂಡಿನ ಐಸಿಐ ಕಂಪನಿಯ ರಸಾಯನ ವಿಜ್ಞಾನಿ ಡೋರಾ ರಿಚರ್ಡ್‌ಸನ್ ಇದನ್ನು ತಯಾರಿಸಿದ್ದು ಗರ್ಭನಿರೋಧಕ ಸಿಗಬಹುದೆಂಬ ಹುಡುಕಾಟದಲ್ಲಿ. ಇಲಿಗಳಲ್ಲಿ ಅದು ಕೆಲಸ ಮಾಡಿತು, ಹೆಂಗಸರಲ್ಲಿ ತದ್ವಿರುದ್ಧವಾಗಿ ಅಂಡಾಣು ಬಿಡುಗಡೆಗೇ ಇಂಬು ಕೊಟ್ಟಿತು. ಕಪಾಟು ಸೇರಬೇಕಿದ್ದ ಅದನ್ನು ಮ್ಯಾಂಚೆಸ್ಟರಿನ ಕ್ರಿಸ್ಟಿ ಆಸ್ಪತ್ರೆಯ ವೈದ್ಯರು ಮುಂದುವರಿದ ಸ್ತನ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿ 1971ರಲ್ಲಿ ಫಲಿತಾಂಶ ಪ್ರಕಟಿಸಿದರು. ಹಾರ್ಮೋನಿಗೂ ಈ ಕಾಯಿಲೆಗೂ ಇರುವ ನಂಟು ಅದಕ್ಕೂ ಹಳೆಯದು: ಗ್ಲ್ಯಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್‌ಸನ್, ಅಂಡಾಶಯಕ್ಕೂ ಹಾಲೂಡುವಿಕೆಗೂ ಇರುವ ಸಂಬಂಧವನ್ನು ಸಾಕುಪ್ರಾಣಿಗಳಲ್ಲಿ ಗಮನಿಸಿದ್ದವರು, ಅಂಡಾಶಯ ತೆಗೆದರೆ ಸ್ತನದ ಗಡ್ಡೆ ಕುಗ್ಗಬಹುದೆಂಬುದನ್ನು 1896ರಲ್ಲಿ ವರದಿ ಮಾಡಿದ್ದರು. ಆದರೆ ಯಾರಿಗೆ ಕುಗ್ಗುತ್ತದೆ, ಯಾರಿಗೆ ಇಲ್ಲ ಎಂಬುದನ್ನು ಮೊದಲೇ ಹೇಳುವ ದಾರಿ ಇರಲಿಲ್ಲ. ಅಂಡಾಶಯವನ್ನೋ ಅಡ್ರಿನಲ್ ಗ್ರಂಥಿಯನ್ನೋ ತೆಗೆಸಿಕೊಂಡ ಹೆಂಗಸರಲ್ಲಿ ಸುಮಾರು ಮೂರನೇ ಒಂದು ಭಾಗಕ್ಕೆ ಮಾತ್ರ ಗುಣ ಕಾಣುತ್ತಿತ್ತು. ಉಳಿದವರದು ವೃಥಾ ನೋವು. 1950ರ ದಶಕದ ಕೊನೆಯಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಎಲ್ವುಡ್ ಜೆನ್ಸನ್ ವಿಕಿರಣ ಗುರುತು ಹಾಕಿದ ಈಸ್ಟ್ರೋಜನ್ನನ್ನು ಎಳೆಯ ಇಲಿಗಳಿಗೆ ಚುಚ್ಚಿ, ಗರ್ಭಕೋಶದಂಥ ಕೆಲವು ಅಂಗಗಳು ಮಾತ್ರ ಅದನ್ನು ಹಿಡಿದಿಟ್ಟುಕೊಳ್ಳುವುದನ್ನು ತೋರಿಸಿದರು. ಹಿಡಿದಿಟ್ಟುಕೊಂಡದ್ದು ಈ ರಿಸೆಪ್ಟರ್. ಅದು ಗಡ್ಡೆಯಲ್ಲಿ ಇಲ್ಲದವರಿಗೆ ಅಂಥ ಆಪರೇಷನ್‌ನಿಂದ ಪ್ರಯೋಜನವಾಗುವುದು ತೀರಾ ಕಡಿಮೆ ಎಂಬುದನ್ನೂ ನಂತರ ಅವರ ತಂಡವೇ ತೋರಿಸಿತು. ಅಂದರೆ ಈ ಪರೀಕ್ಷೆ ಹುಟ್ಟಿದ್ದೇ ಅನಗತ್ಯ ಚಿಕಿತ್ಸೆಯಿಂದ ಹೆಂಗಸರನ್ನು ಉಳಿಸಲು. ಆದರೆ ನಾವು ಅದನ್ನು ಕೆಟ್ಟದಾಗಿ ಮಾಡಿದಾಗ ಅಗತ್ಯ ಚಿಕಿತ್ಸೆಯಿಂದಲೇ ಅವರನ್ನು ದೂರವಿಡುತ್ತೇವೆ.

ಎಷ್ಟು ದೂರ ಎಂಬುದಕ್ಕೆ ಲೆಕ್ಕವಿದೆ. 20 ಪ್ರಯೋಗಗಳ ಸುಮಾರು 21 ಸಾವಿರ ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ರಿಸೆಪ್ಟರ್ ಪಾಸಿಟಿವ್ ಇರುವವರು 5 ವರ್ಷ ಟಮಾಕ್ಸಿಫೆನ್ ತೆಗೆದುಕೊಂಡರೆ ಮೊದಲ 15 ವರ್ಷಗಳಲ್ಲಿ ಸ್ತನ ಕ್ಯಾನ್ಸರ್‌ನಿಂದಾಗುವ ಸಾವು ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ರಿಸೆಪ್ಟರ್ ಇಲ್ಲದವರಿಗೆ ಲಾಭ ಶೂನ್ಯ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ 1.92 ಲಕ್ಷ ಮಹಿಳೆಯರಲ್ಲಿ ಸ್ತನ ಕ್ಯಾನ್ಸರ್ ಹೊಸದಾಗಿ ಪತ್ತೆಯಾಯಿತು, ಸುಮಾರು 98 ಸಾವಿರ ಮಂದಿ ಅದರಿಂದ ಸತ್ತರು. ಇವರೆಲ್ಲರ ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸುವುದು ಒಂದು ಗಾಜಿನ ಸ್ಲೈಡಿನ ಮೇಲಿನ ಕಂದು ಬಣ್ಣ.

ಆ ಬಣ್ಣ ಬರುವುದು, ಬಾರದಿರುವುದು ನಮ್ಮ ಸೂಕ್ಷ್ಮದರ್ಶಕದ ಬಳಿ ತೀರ್ಮಾನವಾಗುವುದಿಲ್ಲ; ಆಪರೇಷನ್ ಥಿಯೇಟರಿನಲ್ಲೇ ಆಗಿಹೋಗಿರುತ್ತದೆ. ದೇಹದಿಂದ ಹೊರಬಂದ ಗಡ್ಡೆಗೆ ರಕ್ತ ನಿಂತ ಕ್ಷಣದಿಂದಲೇ ಅದರ ಪ್ರೋಟೀನುಗಳು ಕೊಳೆಯತೊಡಗುತ್ತವೆ, ರಿಸೆಪ್ಟರ್ ಕೂಡ. ಅದನ್ನು ತಡೆಯುವುದು ಫಾರ್ಮಲಿನ್. ಒಂದು ಗಂಟೆಯೊಳಗೆ ಗಡ್ಡೆ ಫಾರ್ಮಲಿನ್‌ನಲ್ಲಿರಬೇಕು, 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಅದರಲ್ಲಿ ಇರಬೇಕು ಎಂಬುದು ಅಮೆರಿಕದ ಕ್ಯಾನ್ಸರ್ ತಜ್ಞರ ಮತ್ತು ಪೆಥಾಲಜಿಸ್ಟರ ಸಂಘಗಳು ಜಂಟಿಯಾಗಿ ಹೊರಡಿಸಿರುವ, ಜಗತ್ತಿನ ಬಹುತೇಕ ಕಡೆ ಪಾಲಿಸುವ ನಿಯಮ. ಅದು ಕೂಡ ಯಾವುದೋ ಫಾರ್ಮಲಿನ್ ಅಲ್ಲ. ಆಮ್ಲತೆ ಸರಿಹೊಂದಿಸಿದ ಶೇಕಡಾ 10ರ ದ್ರಾವಣ. ಅದು ಅಂಗಾಂಶದೊಳಕ್ಕೆ ಇಳಿಯುವ ವೇಗ ಗಂಟೆಗೆ ಹೆಚ್ಚುಕಡಿಮೆ ಒಂದು ಮಿಲಿಮೀಟರ್. ಇಡೀ ಸ್ತನವನ್ನು ಕತ್ತರಿಸದೆ ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರೆ ಹೊರಗಿನ ಕೊಬ್ಬು ಸಂರಕ್ಷಣೆಯಾಗಿ, ಒಳಗಿನ ಗಡ್ಡೆ ಬೇಸಿಗೆಯ ದಿನ ಕೊಳೆಯುತ್ತಾ ಕೂರುತ್ತದೆ. ಶನಿವಾರ ಮಧ್ಯಾಹ್ನ ಆಪರೇಷನ್ ಆಗಿ, ಭಾನುವಾರದ ಜೊತೆಗೆ ಹಬ್ಬದ ರಜೆಯೂ ಸೇರಿದರೆ, ಬುಧವಾರ ನಮ್ಮ ಮೇಜಿಗೆ ಬರುವ ಡಬ್ಬಿ ನನಗೆ ಚಿರಪರಿಚಿತ. ನಮ್ಮಲ್ಲಿ ರಿಸೆಪ್ಟರನ್ನು ಮತ್ತೆ ಬಣ್ಣಕ್ಕೆ ಸಿಗುವಂತೆ ಮಾಡಲು ಸ್ಲೈಡುಗಳನ್ನು ಬೇಯಿಸುತ್ತಿದ್ದುದು ಅಡುಗೆಮನೆಯ ಪ್ರೆಷರ್ ಕುಕ್ಕರಿನಲ್ಲಿ. ಅದರಲ್ಲೇನೂ ಅವಮಾನವಿಲ್ಲ, ವಿಧಾನ ಒಪ್ಪಿತವಾದದ್ದೇ, ಕುಕ್ಕರು ಎಂದೂ ಕೈಕೊಡಲಿಲ್ಲ. ಕೈಕೊಟ್ಟದ್ದು ಡಬ್ಬಿ. ಭಾರತೀಯ ಮಹಿಳೆಯರಲ್ಲಿ ರಿಸೆಪ್ಟರ್ ಪಾಸಿಟಿವ್ ಪ್ರಮಾಣ ಪಾಶ್ಚಾತ್ಯರಿಗಿಂತ ಬಹಳ ಕಡಿಮೆ ಎಂದು ಹಿಂದಿನ ವರದಿಗಳಲ್ಲಿ ಓದಿ ನಾವೆಲ್ಲ ನಂಬಿದ್ದೆವು. ನಮ್ಮ ರೋಗಿಗಳ ವಯಸ್ಸು ಕಡಿಮೆ ಎಂಬುದು ಅದಕ್ಕೆ ಒಂದು ಕಾರಣವಿರಬಹುದು. ಆದರೆ ಅದರಲ್ಲಿ ಒಂದು ಪಾಲು ಫಾರ್ಮಲಿನ್ ಸರಿಯಾಗಿ ಬಳಸದಿದ್ದುದರ ಫಲ ಎಂದು ನಂತರ ಪೆಥಾಲಜಿಸ್ಟರೇ ಒಪ್ಪಿಕೊಂಡಿದ್ದಾರೆ.

ಇದು ಬಡ ರಾಜ್ಯಗಳ ಗೋಳು ಎಂದು ಯಾರೂ ಭಾವಿಸಬಾರದು. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಮತ್ತು ಲ್ಯಾಬ್ರಡಾರ್ ಪ್ರಾಂತ್ಯದ ರಾಜಧಾನಿ ಸೇಂಟ್ ಜಾನ್ಸ್‌ನ ಪ್ರಯೋಗಾಲಯದಲ್ಲಿ 1997ರಿಂದ 2005ರವರೆಗೆ ನಡೆದ ರಿಸೆಪ್ಟರ್ ಪರೀಕ್ಷೆಗಳಲ್ಲಿ ನೆಗೆಟಿವ್ ಎಂದಿದ್ದ ಒಂದು ವರದಿ 2005ರಲ್ಲಿ ಮರುಪರೀಕ್ಷೆಯಲ್ಲಿ ಪಾಸಿಟಿವ್ ಬಂತು. ಸಂಶಯ ಬಂದು ನೂರಾರು ಮಾದರಿಗಳನ್ನು ಟೊರಾಂಟೊಗೆ ಕಳಿಸಿ ನೋಡಿದರೆ 380ಕ್ಕೂ ಹೆಚ್ಚು ರೋಗಿಗಳ ಫಲಿತಾಂಶ ತಪ್ಪಾಗಿತ್ತು. ಅವರಲ್ಲಿ 100ಕ್ಕೂ ಹೆಚ್ಚು ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಎಲ್ಲರೂ ಆ ತಪ್ಪಿನಿಂದಲೇ ಸತ್ತರೆಂದು ಹೇಳಲಾಗದು, ಮಾತ್ರೆ ಸಿಕ್ಕಿದ್ದರೆ ಎಷ್ಟು ಮಂದಿ ಬದುಕುತ್ತಿದ್ದರೆಂದು ಹೇಳಲೂ ಆಗದು. ನ್ಯಾಯಮೂರ್ತಿ ಮಾರ್ಗರೆಟ್ ಕ್ಯಾಮರಾನ್ ಅವರ ವಿಚಾರಣಾ ಆಯೋಗ 2009ರಲ್ಲಿ ಕೊಟ್ಟ ವರದಿ ಯಾವ ಒಬ್ಬ ತಂತ್ರಜ್ಞನನ್ನೂ ಬಲಿಪಶು ಮಾಡಲಿಲ್ಲ. ಗುಣಮಟ್ಟ ನೋಡುವ ವ್ಯವಸ್ಥೆಯೇ ಅಲ್ಲಿ ಇರಲಿಲ್ಲ ಎಂಬುದು ಅದರ ತಿರುಳು. ಅಲ್ಲಿ ತಪ್ಪು ಹೊರಬಂದದ್ದಕ್ಕೆ ಕಾರಣ, ಹಳೆಯ ಬ್ಲಾಕುಗಳನ್ನು ಜೋಪಾನವಾಗಿ ಇಟ್ಟಿದ್ದರು, ಯಾರೋ ಒಬ್ಬರು ಮರಳಿ ನೋಡಿದರು. ನಮ್ಮಲ್ಲಿ ಮರಳಿ ನೋಡುವವರು ಯಾರು ಎಂಬುದು ತಮಗೆ ನನ್ನ ನೇರ ಪ್ರಶ್ನೆ.

ನನ್ನ ಮನವಿ ದೊಡ್ಡ ಯಂತ್ರಗಳಿಗಲ್ಲ. ಸ್ತನದ ಗಡ್ಡೆಯನ್ನು ಮುಟ್ಟುವ ಪ್ರತಿಯೊಂದು ಆಪರೇಷನ್ ಥಿಯೇಟರಿಗೆ, ಅದು ಸರ್ಕಾರಿಯೇ ಆಗಲಿ, ಆರೋಗ್ಯ ಯೋಜನೆಗಳಡಿ ನೋಂದಾಯಿತ ಖಾಸಗಿಯದೇ ಆಗಲಿ, ಸರಿಯಾಗಿ ತಯಾರಿಸಿದ ಫಾರ್ಮಲಿನ್ ಡಬ್ಬಿಗಳು ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಮೂಲಕ ತಲುಪಲಿ. ದೊಡ್ಡ ಗಡ್ಡೆಯನ್ನು ಸೀಳಿ ಹಾಕಲು ಥಿಯೇಟರಿನ ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಕೊಡಿ. ಸಾಧ್ಯವಾದಲ್ಲೆಲ್ಲ ಆಪರೇಷನ್‌ಗೆ ಮೊದಲೇ ಸೂಜಿ ಬಯಾಪ್ಸಿಯ ಎಳೆಯ ಮೇಲೆ ಈ ಪರೀಕ್ಷೆ ನಡೆಯಲಿ. ಎಳೆ ತೆಳ್ಳಗಿರುವುದರಿಂದ ಫಾರ್ಮಲಿನ್ ಬೇಗ ಇಳಿಯುತ್ತದೆ, ಚಿಕಿತ್ಸೆಯ ಕ್ರಮವನ್ನೂ ಮೊದಲೇ ಯೋಚಿಸಬಹುದು. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಪ್ರಯೋಗಾಲಯಗಳು ವರ್ಷಕ್ಕೆ ಎರಡು ಸಲವಾದರೂ ಹೆಸರಿಲ್ಲದ ಸ್ಲೈಡುಗಳನ್ನು ಪರಸ್ಪರ ಬದಲಾಯಿಸಿಕೊಂಡು ನೋಡಲಿ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ನಮ್ಮ ರಾಜ್ಯದಲ್ಲೇ ಇರುವಾಗ ಅದಕ್ಕೆ ಹಿರಿಯಣ್ಣನ ಸ್ಥಾನ ಕೊಡಲು ಯಾವ ಅಡ್ಡಿಯೂ ಇರಲಾರದು. ಆರೋಗ್ಯವಂತ ನಾಳಗಳು ಬಣ್ಣ ಹಿಡಿದಿವೆಯೇ ಎಂಬ ಸಾಲು ಇಲ್ಲದ ನೆಗೆಟಿವ್ ವರದಿಯನ್ನು ಯಾವ ಯೋಜನೆಯೂ ಒಪ್ಪಿಕೊಳ್ಳಬಾರದು. ಈ ಒಂದು ಷರತ್ತು ನನ್ನಂಥವರನ್ನು ನೇರ ಮಾಡುತ್ತಿತ್ತು.

ಪರೀಕ್ಷೆ ಸರಿಯಾದರೂ ಮಾತ್ರೆ ಐದು ವರ್ಷ ಹೊಟ್ಟೆಗೆ ಹೋಗಬೇಕಲ್ಲ. ಕೀಮೋ, ರೇಡಿಯೇಷನ್ ಮುಗಿದು ಕೂದಲು ಮತ್ತೆ ಬಂದ ಮೇಲೆ ಕಾಯಿಲೆ ಹೋಯಿತೆಂದೇ ಮನೆಯವರು ತಿಳಿಯುತ್ತಾರೆ. ಮೈ ಬಿಸಿಯೇರಿ ಬೆವರು ಕಿತ್ತುಬರುವುದು, ಸಂದು ನೋವು, ಇವನ್ನು ಸಹಿಸಿಕೊಂಡು ದಿನವೂ ನುಂಗಬೇಕಾದ ಮಾತ್ರೆಗೆ ದೂರದ ಊರಿಗೆ ಬಸ್ಸು ಹತ್ತಬೇಕೆಂದರೆ ಎರಡನೇ ವರ್ಷಕ್ಕೆ ಅದು ನಿಲ್ಲುತ್ತದೆ. ಟಮಾಕ್ಸಿಫೆನ್ ಮತ್ತು ಮುಟ್ಟು ನಿಂತವರಿಗೆ ಕೊಡುವ ಲೆಟ್ರೋಜೋಲ್ ಎರಡೂ ರಾಷ್ಟ್ರೀಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಬಿಪಿ, ಶುಗರ್ ಮಾತ್ರೆ ಸಿಗುವ ತಾಲ್ಲೂಕು ಆಸ್ಪತ್ರೆಯ ಕಿಟಕಿಯಲ್ಲೇ ಮೂರು ತಿಂಗಳಿಗೊಮ್ಮೆ ಇವೂ ಸಿಗಲಿ, ಬಾರದವರ ಮನೆಗೆ ಆಶಾ ಕಾರ್ಯಕರ್ತೆ ಹೋಗಿ ವಿಚಾರಿಸಲಿ. ಲೆಟ್ರೋಜೋಲ್‌ನ ಬಗ್ಗೆ ಒಂದು ಎಚ್ಚರ: ಅದು ರಿಸೆಪ್ಟರನ್ನು ಮುಟ್ಟುವುದಿಲ್ಲ, ಈಸ್ಟ್ರೋಜನ್ ತಯಾರಿಕೆಯನ್ನೇ ತಡೆಯುತ್ತದೆ, ಅಂಡಾಶಯ ಇನ್ನೂ ಕೆಲಸ ಮಾಡುತ್ತಿರುವವರಿಗೆ ಅದೊಂದನ್ನೇ ಕೊಟ್ಟರೆ ಉಪಯೋಗವಾಗದು. ಟಮಾಕ್ಸಿಫೆನ್ ಮುಗಿದಿದೆಯೆಂದು ಅದರ ಬದಲಿಗೆ ಇದನ್ನು ಕೊಟ್ಟು ಕಳಿಸುವಂತಾಗಬಾರದು. ಹಾಗೆಯೇ ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್, ಫ್ಲುವಾಕ್ಸೆಟಿನ್‌ಗಳು ಟಮಾಕ್ಸಿಫೆನ್ ಲಿವರಿನಲ್ಲಿ ಸಕ್ರಿಯ ರೂಪಕ್ಕೆ ಬದಲಾಗುವುದನ್ನು ಕುಂಠಿತಗೊಳಿಸುತ್ತವೆ ಎಂಬುದನ್ನು ಮಾತ್ರೆ ಕೊಡುವವರಿಗೆ ತಿಳಿಸಬೇಕು.

ಪತ್ರ ದೀರ್ಘವಾಯಿತು, ಆದರೂ ಇದೇ ಕುಟುಂಬದ ಇನ್ನೊಂದು ರಿಸೆಪ್ಟರಿನ ಹೆಸರನ್ನು ಹೇಳದೆ ಬಿಡಲಾರೆ. ಪ್ರೋಸ್ಟೇಟ್ ಕ್ಯಾನ್ಸರ್‌ನ ಆಂಡ್ರೋಜನ್ ರಿಸೆಪ್ಟರ್ ವಿಷಯವನ್ನು ಮೂತ್ರಾಂಗ ತಜ್ಞರು ನನಗಿಂತ ಚೆನ್ನಾಗಿ ಹೇಳಬಲ್ಲರು. ನಾನು ಹೇಳುತ್ತಿರುವುದು ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರ್ ಬಗ್ಗೆ. ಇದರಲ್ಲಿ 15 ಮತ್ತು 17ನೇ ವರ್ಣತಂತುಗಳು ತುಂಡಾಗಿ ಅದಲುಬದಲಾಗಿ, ರೆಟಿನೋಯಿಕ್ ಆಮ್ಲದ ರಿಸೆಪ್ಟರ್ ಬೇರೊಂದು ಪ್ರೋಟೀನಿಗೆ ಅಂಟಿಕೊಂಡು, ಬಿಳಿ ರಕ್ತಕಣಗಳು ಬಲಿಯದಂತೆ ತಡೆಹಿಡಿಯುತ್ತದೆ. ಶಾಂಘೈನ ವಾಂಗ್ ಝೆನ್‌ಯಿ ಮತ್ತು ಸಂಗಡಿಗರು ಅದೇ ಆಮ್ಲದ ಔಷಧಿ ರೂಪವನ್ನು 24 ರೋಗಿಗಳಿಗೆ ಕೊಟ್ಟು, ಎಲ್ಲರಲ್ಲೂ ರೋಗ ಹಿಮ್ಮೆಟ್ಟಿದ್ದನ್ನು 1988ರಲ್ಲಿ ವರದಿ ಮಾಡಿದರು. ಈಗ ಆರ್ಸೆನಿಕ್ ಜೊತೆ ಸೇರಿಸಿ ಕೊಟ್ಟರೆ ಬಹುಪಾಲು ರೋಗಿಗಳು ಪೂರ್ತಿ ಗುಣವಾಗುತ್ತಾರೆ. ಸಾಯುವವರು ಹೆಚ್ಚಾಗಿ ಸಾಯುವುದು ಮೊದಲ ಕೆಲವು ದಿನಗಳಲ್ಲಿ, ಮಿದುಳಿನ ರಕ್ತಸ್ರಾವದಿಂದ, ಕೆಲವೊಮ್ಮೆ ಆಂಬುಲೆನ್ಸಿನಲ್ಲೇ. ಸ್ಮಿಯರ್ (ಗಾಜಿನ ಮೇಲೆ ಹರಡಿದ ರಕ್ತದ ಹನಿ) ನೋಡಿ ಸಂಶಯ ಬಂದ ಕೂಡಲೇ, ವಂಶವಾಹಿ ವರದಿಗೆ ಕಾಯದೆ, ಈ ಆಮ್ಲದ ಕ್ಯಾಪ್ಸೂಲನ್ನು ಆರಂಭಿಸಬೇಕು ಎಂಬುದು ಒಪ್ಪಿತ ಕ್ರಮ. ರೋಗಿಯನ್ನು ಬೆಂಗಳೂರಿಗೆ ಕಳಿಸುವುದಕ್ಕೆ ಮೊದಲು ಕೊಡಲು ಪ್ರತಿ ಜಿಲ್ಲೆಯ ಬೋಧನಾ ಆಸ್ಪತ್ರೆಯ ಫ್ರಿಜ್ಜು-ಬೀರುಗಳಲ್ಲಿ ಎಲ್ಲೋ ಒಂದು ಕಡೆ ಕೆಲವು ದಿನಕ್ಕಾಗುವಷ್ಟು ಕ್ಯಾಪ್ಸೂಲುಗಳು, ಅದು ಎಲ್ಲಿದೆ ಎಂದು ರಾತ್ರಿ ಪಾಳಿಯ ವೈದ್ಯರಿಗೆ ತಿಳಿದಿರುವಂತೆ, ಇರಬೇಕು.

ಈ ಪತ್ರದ ಜೊತೆಗೆ ಬಯಾಪ್ಸಿ ಕೋರಿಕೆಯ ಒಂದು ಪುಟದ ಮಾದರಿ ನಮೂನೆಯನ್ನು ಲಗತ್ತಿಸಿದ್ದೇನೆ. ಈಗಿನ ನಮೂನೆಗಳಲ್ಲಿ ನಾನು ಕಂಡಿರುವ ಕಾಲಂಗಳೆಲ್ಲ ಅದರಲ್ಲಿವೆ: ರೋಗಿಯ ಹೆಸರು, ಗಂಡನ ಅಥವಾ ತಂದೆಯ ಹೆಸರು, ಕಾರ್ಡ್ ಸಂಖ್ಯೆ, ವಾರ್ಡು. ನಾನು ಸೇರಿಸಿರುವುದು ಎರಡೇ ಸಾಲು. ಗಡ್ಡೆ ತೆಗೆದ ಸಮಯ ಒಂದು, ಫಾರ್ಮಲಿನ್‌ಗೆ ಹಾಕಿದ ಸಮಯ ಇನ್ನೊಂದು, ಪಕ್ಕದಲ್ಲಿ ಬರೆದವರ ಸಹಿಗೆ ಜಾಗ. ಈ ಎರಡು ಸಾಲು ಖಾಲಿಯಿರುವ ನಮೂನೆಯನ್ನು ಪ್ರಯೋಗಾಲಯ ಸ್ವೀಕರಿಸಕೂಡದು ಎಂಬ ಸುತ್ತೋಲೆಗೆ ತಮ್ಮ ಇಲಾಖೆಯ ಸಹಿಯೊಂದೇ ಸಾಕು, ಬಜೆಟ್ಟಿಗೆ ಕಾಯಬೇಕಿಲ್ಲ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾ ಕೇಂದ್ರವೊಂದರ ನಿವೃತ್ತ ಪೆಥಾಲಜಿಸ್ಟ್